ಕೈಸೇರದ ಕರೆಯೋಲೆಗಳು

ಮುಂಬಯಿಯ ಮಧ್ಯ ರೈಲ್ವೆಯ ಹಳಿಗಳ ಇಕ್ಕೆಲದಲ್ಲಿ ಚದುರಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಒಂದು ಸಭಾಂಗಣದಲ್ಲಿ ಕೂಡಿಸುವ ಹೊಣೆಯನ್ನು ಹೊತ್ತವರಿಗೆ, ಊರಿನಿಂದ ಉಪನ್ಯಾಸಕರನ್ನು ಕರೆತರುವುದಾಗಲಿ, ತಾಳಮದ್ದಲೆಗೆ ಅರ್ಥಧಾರಿಗಳನ್ನು ಒಪ್ಪಿಸುವುದಾಗಲಿ, ಮಧ್ಯಾಹ್ನದ ಭೋಜನಕ್ಕೆ ಅಡುಗೆಯವರನ್ನು ಗೊತ್ತುಮಾಡುವುದಾಗಲಿ ದುಸ್ಸಾಧ್ಯವೆಂದು ಎಂದೂ ತೋರಿದ್ದಿಲ್ಲ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು, ಒಮ್ಮೆ ಕೆಟ್ಟರೆ ನೆಟ್ಟಗೆ ಮಾಡಲು ವರ್ಷಗಳೇ ಬೇಕಾಗುವುದು, ಕರೆಯುವ ಕಾರ್ಯ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ನಮ್ಮ ಜನ ಸಾರು ಸಪ್ಪೆಯಾದುದನ್ನು ಮನ್ನಿಸಿಯಾರು, ಸಭೆ ಒಂದು ಗಂಟೆ ತಡವಾದುದನ್ನು ಲೋಕಲ್ ಗಾಡಿಗಳ ಲೆಕ್ಕಕ್ಕೆ ಬರೆದುಬಿಟ್ಟಾರು. ಆದರೆ ನೆರೆಮನೆಗೆ ಬಂದ ಕರೆಯೋಲೆ ತಮ್ಮ ಮನೆಗೆ ಬಾರದುದನ್ನು ಮಾತ್ರ, ತಮ್ಮ ಮಗಳ ಮದುವೆಯಲ್ಲಿ ಪ್ರತೀಕಾರ ತೀರಿಸುವವರೆಗೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ವಿಜಯಪುರ, ಕಲಬುರಗಿಯ ಕಡೆಯವರ ಸ್ವಭಾವವೂ ಈ ಒಂದು ವಿಷಯದಲ್ಲಿ ಭಿನ್ನವಲ್ಲವೆಂಬುದು ನನ್ನ ಅನುಭವ.

ಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ಡೊಂಬಿವಲಿಯ ಸಣ್ಣದೊಂದು ಸಂಘಕ್ಕೆ ನಾನು ಗೌರವ ಕಾರ್ಯದರ್ಶಿಯಾದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಗಾಡಿ ಥಾಣೆಯನ್ನು ಮುಟ್ಟಿತೆಂಬುದೂ, ಮರುವರ್ಷದ ಮೇ ತಿಂಗಳಲ್ಲಿ ಹಳಿ ಕಲ್ಯಾಣ್ ಅನ್ನು ಸೇರಿತೆಂಬುದೂ ಎಲ್ಲರೂ ಬಲ್ಲ ಇತಿಹಾಸ. ನಮಗೆ ಸಂಬಂಧಿಸಿದ ಇತಿಹಾಸವೆಂದರೆ, ಫೋರ್ಟು, ಮಾಟುಂಗಗಳ ಬಾಡಿಗೆಯನ್ನು ತೆರಲಾರದ ಹೋಟೆಲು ನೌಕರರೂ ಬ್ಯಾಂಕಿನ ಗುಮಾಸ್ತರೂ ಅದೇ ಹಳಿಯನ್ನು ಹಿಡಿದು ಒಂದೊಂದೇ ನಿಲ್ದಾಣ ಈಚೆಗೆ ಸರಿಯುತ್ತ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಬೇರೂರಿದ ಕಥೆ. ಆ ಬೇರು ಕೂಡ ಬಹುಕಾಲ ಒಂದೆಡೆ ನಿಲ್ಲಲಿಲ್ಲ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯಾಚೆ ನವಿಮುಂಬಯಿ ಮೂಡತೊಡಗಿ, 1992ರಲ್ಲಿ ಮಾನಖುರ್ದಿನಿಂದ ವಾಶಿಗೆ ರೈಲು ಹರಿದು, 2004ರಲ್ಲಿ ಥಾಣೆಯಿಂದ ವಾಶಿಗೆ ನೇರವಾದ ಗಾಡಿ ಓಡತೊಡಗಿದ ಮೇಲೆ, ಡೊಂಬಿವಲಿಯ ಎರಡು ಕೋಣೆಯ ಮನೆಗಳಲ್ಲಿ ಬೆಳೆದ ಮಕ್ಕಳು ಐರೋಲಿ, ನೆರೂಲ್, ಖಾರ್ಘರ್‌ಗಳಲ್ಲಿ ಫ್ಲ್ಯಾಟು ಕೊಂಡು ವೃದ್ಧ ತಂದೆತಾಯಿಗಳನ್ನೂ ಅಲ್ಲಿಗೆ ಕರೆದೊಯ್ದರು; ನಾವು ಪೂರ್ವಕ್ಕೆ 421201, ಪಶ್ಚಿಮಕ್ಕೆ 421202 ಎಂದು ಪಿನ್‌ಕೋಡು ಬರೆದು ಅಂಚೆಪೆಟ್ಟಿಗೆಗೆ ಹಾಕಿದ ಲಕೋಟೆಗಳು ವಿಳಾಸದಾರರು ಮನೆ ಬಿಟ್ಟಿರುವರೆಂಬ ಮರಾಠಿ ಷರಾ ಹೊತ್ತು ಹಿಂದಿರುಗತೊಡಗಿದವು.

ಹೀಗಿರುವಾಗ 2005ರ ಜುಲೈ 26 ಬಂತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ ನಮ್ಮ ಕಡೆಯೂ ಉಲ್ಹಾಸ ನದಿ ದಂಡೆ ಮೀರಿ, ತಗ್ಗಿನಲ್ಲಿದ್ದ ಮನೆ ಮಳಿಗೆಗಳೆಲ್ಲ ನೀರಿನಲ್ಲಿ ನಿಂತವು. ನೆಲಮಾಳಿಗೆಯೇ ಎನ್ನಬಹುದಾದ ನಮ್ಮ ಕಛೇರಿಯ ಕೋಣೆಯಲ್ಲಿ ಸದಸ್ಯರ ವಿಳಾಸಗಳ ದಪ್ಪ ರಿಜಿಸ್ಟರು ಕೆಸರಿನಲ್ಲಿ ನೆನೆದು, ಮೂರು ಜನ ಕಾರ್ಯದರ್ಶಿಗಳ ಕೈಬರಹವೆಲ್ಲ ಒಂದೇ ನೀಲಿ ಕಲೆಯಾಗಿ ಹರಡಿಕೊಂಡಿತು. ಅದನ್ನು ಬಿಸಿಲಿಗೆ ಒಣಹಾಕಿ ಹಾಳೆ ಬಿಡಿಸಲು ನೋಡುತ್ತಿದ್ದಾಗ ಸಮಿತಿಯ ತರುಣ ಸದಸ್ಯನೊಬ್ಬ, "ಮಾಸ್ತರರೇ, ಮನೆ ಬದಲಾಗುತ್ತದೆ, ಪಿನ್‌ಕೋಡು ಬದಲಾಗುತ್ತದೆ, ಇಮೇಲ್ ಬದಲಾಗುವುದಿಲ್ಲ. ಇನ್ನು ಅದರಲ್ಲೇ ಕರೆಯೋಣ" ಎಂದ. ಆ ಮಾತು ಯುಕ್ತವೆಂದು ಎಲ್ಲರಿಗೂ ಕಂಡಿತು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸ್ವಂತದ್ದೋ, ಮಗನದ್ದೋ, ಸೊಸೆಯದ್ದೋ ಒಂದು ಇಮೇಲ್ ವಿಳಾಸ ಇದ್ದೇ ಇತ್ತು.

ಮುಂದಿನ ಎರಡು ವರ್ಷಗಳಲ್ಲಿ ಅಂಚೆಯ ಖರ್ಚು ತಗ್ಗಿತು. ಅದರೊಂದಿಗೆ ಸಭೆಯ ಜನವೂ ತಗ್ಗಿದರು. ಮೊದಮೊದಲು ನಾವು ಅದಕ್ಕೆ ದೂರದರ್ಶನವನ್ನೂ ಕ್ರಿಕೆಟ್ಟನ್ನೂ ಭಾನುವಾರ ಗಾಡಿಗಳನ್ನು ನಿಲ್ಲಿಸುವ ಮೆಗಾಬ್ಲಾಕನ್ನೂ ಹೊಣೆಮಾಡಿದೆವು. ಒಂದು ರಾಜ್ಯೋತ್ಸವದಂದು ಮುನ್ನೂರು ಎಲೆ ಹಾಕುವ ಏರ್ಪಾಡಿದ್ದಲ್ಲಿ ನೂರೈವತ್ತೂ ತುಂಬದೆ, ಉಳಿದ ಹೋಳಿಗೆಯನ್ನು ಡಬ್ಬಿಗಳಲ್ಲಿ ತುಂಬಿಸಿ ಬಂದವರ ಕೈಯಲ್ಲೇ ಕೊಟ್ಟು ಕಳಿಸಿದ ಮೇಲೆ, ಊರೊಳಗೆ ಬೇರೊಂದು ಮಾತು ಹಬ್ಬಿರುವುದು ನನ್ನ ಕಿವಿಗೆ ಬಿತ್ತು: ಸಂಘ ಈಗ ಒಂದು ಗುಂಪಿನವರ ಸ್ವತ್ತಾಗಿದೆ, ಬೇಕಾದವರಿಗೆ ಮಾತ್ರ ಕಾಗದ ಹೋಗುತ್ತದೆ. ಒಬ್ಬರು ಜಾತಿಯ ಹೆಸರು ಹೇಳಿದರು, ಇನ್ನೊಬ್ಬರು ಜಿಲ್ಲೆಯ ಹೆಸರು ಹೇಳಿದರು, ಮತ್ತೊಬ್ಬರು ಹಿಂದಿನ ಚುನಾವಣೆಯಲ್ಲಿ ತಾವು ಯಾರಿಗೆ ಕೈಯೆತ್ತಿದ್ದೆವೆಂಬುದನ್ನು ನೆನಪಿಸಿಕೊಂಡರು. ಯಂತ್ರವೊಂದರ ಎಡವಟ್ಟಿಗೆ ಮನುಷ್ಯರು ಎಷ್ಟು ಬಗೆಯ ಮಾನುಷ ಕಾರಣಗಳನ್ನು ಹುಡುಕಿಕೊಳ್ಳಬಲ್ಲರೆಂಬುದನ್ನು ನಾನು ಆ ದಿನಗಳಲ್ಲಿ ಕಂಡಷ್ಟು ಮತ್ತೆಂದೂ ಕಂಡಿಲ್ಲ.

ಎಲ್ಲರಿಗಿಂತ ಹೆಚ್ಚು ನೊಂದವರು ಕಲ್ಯಾಣ್‌ನ ಹಿರಿಯ ಹೋಟೆಲು ಉದ್ಯಮಿಯೊಬ್ಬರು. ಸಭಾಂಗಣದ ಕಟ್ಟಡ ನಿಧಿಗಾಗಿ ಒಂದು ಕಾಲದಲ್ಲಿ ಮನೆಮನೆ ತಿರುಗಿದವರು. ಅವರ ಮನೆಗೆ ಹೋದೆ. ಕಾಫಿ ಬಂತು, ಮಾತು ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಗೋಡೆಯ ಕ್ಯಾಲೆಂಡರನ್ನು ನೋಡುತ್ತ, "ನಮಗೆ ಕಾಗದ ಬರ್ಲಿಕ್ಕೆ ನಾವು ಯಾರು, ಮಾಸ್ಟ್ರೇ? ಬರ್ಲಿಲ್ಲ, ಅಷ್ಟೆ" ಎಂದರು. ಕಳುಹಿಸಿದ್ದೇವೆ ಎಂದು ನಾನು ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದಾಗುತ್ತದೆ. ಬಂದಿಲ್ಲ ಎಂಬ ಅವರ ಮಾತನ್ನು ಒಪ್ಪಿದರೆ ನಾವು ಕಳುಹಿಸಿಲ್ಲ ಎಂದಾಗುತ್ತದೆ. ಎರಡೂ ಸತ್ಯವಾಗಿರಬಹುದಾದ ಮೂರನೆಯ ದಾರಿಯೊಂದು ಉಂಟೆಂಬುದು ಅಲ್ಲಿ ಕುಳಿತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವರ ಸೊಸೆ. ಒಳಗಿನ ಕೋಣೆಯಿಂದ ಆಕೆ, "ಮಾವ, ಒಮ್ಮೆ ಸ್ಪ್ಯಾಮ್ ನೋಡುವನಾ?" ಎಂದು ಕೇಳಿದಳು.

ಆ ಪೆಟ್ಟಿಗೆಯನ್ನು ನಾನು ಮೊದಲು ಕಂಡದ್ದು ಅಂದು. ಇಂಗ್ಲೆಂಡಿನ ಲಾಟರಿಯಲ್ಲಿ ಲಕ್ಷಾಂತರ ಪೌಂಡು ಗೆದ್ದಿರುವಿರೆಂಬ ಅಭಿನಂದನೆ, ತೂಕ ಇಳಿಸುವ ಗುಳಿಗೆ, ಬ್ಯಾಂಕು ಖಾತೆ ಮುಚ್ಚಿಹೋಗುವುದೆಂಬ ಬೆದರಿಕೆ, ಆಫ್ರಿಕದ ಯಾವನೋ ದಿವಂಗತ ಮಂತ್ರಿಯ ವಿಧವೆ ಹಣ ಸಾಗಿಸಲು ಬೇಡುವ ಸಹಾಯ, ಇವುಗಳ ನಡುವೆ, ಒಂದರ ಕೆಳಗೆ ಒಂದರಂತೆ, ನಮ್ಮ ಸಂಘದ ಎರಡು ಸುತ್ತೋಲೆಗಳು ಬಿದ್ದುಕೊಂಡಿದ್ದವು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಪರದೆಯನ್ನು ಓದಿದರು. "ಇಂಥವರ ಪಂಕ್ತಿಯಲ್ಲಿ ನಮ್ಮ ಸಂಘವನ್ನು ಕೂರಿಸಿದ್ದು ಯಾರು?" ಎಂದು ಕೇಳಿದಾಗ ಅವರ ಕೋಪ ದಿಕ್ಕು ಬದಲಿಸಿದ್ದು ನನ್ನ ಅನುಭವಕ್ಕೆ ಬಂತು. ಆದರೆ ಅವರ ಮುಖ್ಯವಾದ ದೂರು ಹಿಂದಿನ ವರ್ಷದ ರಾಜ್ಯೋತ್ಸವದ್ದು, ಅದರ ಹಿಂದಿನ ವಾರ್ಷಿಕ ಸಭೆಯದು. ಆ ಪತ್ರಗಳು ಅಲ್ಲಿರಲಿಲ್ಲ. ಸ್ಪ್ಯಾಮಿಗೆ ಬಿದ್ದುದನ್ನು ಮೂವತ್ತು ದಿನ ಇಟ್ಟು ಆಮೇಲೆ ತಾನಾಗಿ ಅಳಿಸಿಹಾಕುವುದು ಬಹುತೇಕ ಅಂಚೆ ಸೇವೆಗಳ ಪದ್ಧತಿ. ಅಂದರೆ ಅಪರಾಧ ನಡೆದ ತಿಂಗಳೊಳಗೆ ತಪಾಸಣೆಯಾಗದಿದ್ದರೆ ನಿರಪರಾಧಿಯ ಸಾಕ್ಷ್ಯವೇ ಇಲ್ಲವಾಗುತ್ತದೆ. ಸೊಸೆ ಎರಡು ಪತ್ರಗಳನ್ನೂ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ ಹೊರಗೆ ತಂದಳು, ಸಂಘದ ವಿಳಾಸವನ್ನು ಪರಿಚಿತರ ಪಟ್ಟಿಗೆ ಸೇರಿಸಿದಳು, ಈ ವಿಳಾಸದಿಂದ ಬಂದುದನ್ನು ಎಂದಿಗೂ ಸ್ಪ್ಯಾಮಿಗೆ ಕಳುಹಿಸತಕ್ಕದ್ದಲ್ಲವೆಂದು ಒಂದು ಫಿಲ್ಟರ್ ಬರೆದಳು. ಹೊರಡುವಾಗ ಎರಡನೆಯ ಕಾಫಿ ಬಂತು, ಜೊತೆಗೆ ಬಾಳೆಕಾಯಿ ಉಪ್ಪೇರಿಯೂ ಬಂತು.

ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಕುಶಲಪ್ರಶ್ನೆಯ ಬಳಿಕ ಸ್ಪ್ಯಾಮ್ ತೆರೆಯುವಂತೆ ಕೇಳುವುದು ನನಗೆ ರೂಢಿಯಾಯಿತು. ಮೂಲವ್ಯಾಧಿಯ ವೈದ್ಯನ ಪ್ರಶ್ನೆಯನ್ನು ಕೇಳಿಸಿಕೊಂಡವರಂತೆ ಕೆಲವರು ಮುಖ ಕೆಂಪಾಗಿಸಿಕೊಂಡದ್ದೂ ಉಂಟು. ಎಲ್ಲ ಕಡೆಯೂ ಕಾರಣ ಒಂದೇ ಆಗಿರಲಿಲ್ಲ. ಥಾಣೆಯಲ್ಲಿ ನೌಪಾಡದ ನಿವೃತ್ತ ಬ್ಯಾಂಕು ಅಧಿಕಾರಿಯೊಬ್ಬರ ಮನೆಯಲ್ಲಿ ಸ್ಪ್ಯಾಮ್ ಪೆಟ್ಟಿಗೆ ನಿಷ್ಕಳಂಕವಾಗಿತ್ತು, ಇನ್‌ಬಾಕ್ಸ್‌ನಲ್ಲಿಯೂ ನಮ್ಮ ಕಾಗದ ಇರಲಿಲ್ಲ. ಲೆಕ್ಕಪತ್ರದ ಶಿಸ್ತನ್ನು ಜೀವನದುದ್ದಕ್ಕೂ ಪಾಲಿಸಿದ ಅವರು ತಮ್ಮ ಇಮೇಲಿಗೂ ತಾವೇ ನಿಯಮಗಳನ್ನು ರಚಿಸಿದ್ದರು: ಮಗಳಿಂದ ಬಂದದ್ದು ಒಂದು ಕಡೆ, ಪಿಂಚಣಿಯದು ಇನ್ನೊಂದು ಕಡೆ, ಜಾಹೀರಾತಿನದು ನೇರವಾಗಿ ಕಸದಬುಟ್ಟಿಗೆ. ಆ ಕೊನೆಯ ನಿಯಮವನ್ನು ನಾವಿಬ್ಬರೂ ತೆರೆದು ನೋಡಿದೆವು. ವಿಷಯದ ಸಾಲಿನಲ್ಲಿ ಜಾಹೀರಾತೆಂಬರ್ಥದ 'ಆ್ಯಡ್' ಇದ್ದರೆ ಅಳಿಸತಕ್ಕದ್ದು ಎಂದು ಬರೆದು, ಎ, ಡಿ ಎಂಬ ಎರಡು ರೋಮನ್ ಅಕ್ಷರಗಳನ್ನು ಕೊಟ್ಟಿದ್ದರು. ಅಂತಹ ನಿಯಮ ಆ ಎರಡು ಅಕ್ಷರಗಳು ಇಡಿಯ ಪದವಾಗಿ ಇವೆಯೇ ಎಂದು ನೋಡುವುದಿಲ್ಲ. ಯಾವ ಪದದ ಹೊಟ್ಟೆಯಲ್ಲಿ ಅಡಗಿದ್ದರೂ ಹಿಡಿಯುತ್ತದೆ. ನಾವು ವಿಷಯದ ಸಾಲಿನಲ್ಲಿ ಪ್ರತಿಸಲವೂ ರೋಮನ್ ಲಿಪಿಯಲ್ಲಿ ಕನ್ನಡ ಎಂದು ಬರೆಯುತ್ತಿದ್ದೆವು. ಹಾಗೆ ಬರೆದಾಗ ಐದನೆಯ ಅಕ್ಷರ ಎ, ಆರನೆಯದು ಡಿ. ಅಧಿಕಾರಿಗಳು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಎಣಿಸಿ ನೋಡಿದರು. ಬಹುಕಾಲದಿಂದ ಅವರ ಮನೆಯೊಳಗೆ ಕನ್ನಡವೆಂಬ ಹೆಸರು ಹೊತ್ತ ಒಂದು ಕಾಗದವೂ ಪ್ರವೇಶಿಸಿರಲಿಲ್ಲ. ದಾದರಿನ ಸ್ನೇಹಿತರ ಕೂಟದ ಕಾಗದಗಳು ನಿಂತುಹೋದುದಕ್ಕೂ ಅದೇ ಕಾರಣ, ದಾದರಿನ ಹೊಟ್ಟೆಯಲ್ಲಿಯೂ ಅದೇ ಎರಡು ಅಕ್ಷರಗಳಿವೆ. "ಬದ್ಲಾಪುರದ ನಮ್ಮ ಷಡ್ಡಕ ಹೊಸ ಮನೆಯ ಪ್ರವೇಶಕ್ಕೆ ಕರೆಯಲಿಲ್ಲವೆಂದು ಇವಳು ಅವರೊಂದಿಗೆ ಮಾತು ಬಿಟ್ಟಿದ್ದಾಳೆ" ಎಂದು ಅವರು ಮೆಲ್ಲಗೆ ಹೇಳಿ ಅಡುಗೆಮನೆಯ ಕಡೆ ನೋಡಿದರು.

ಇಷ್ಟಾದರೂ ಬಹುಸಂಖ್ಯಾತರ ವಿಷಯದಲ್ಲಿ ನಮ್ಮ ಪತ್ರ ಸಂದೇಹಕ್ಕೆ ಪಾತ್ರವಾಗುತ್ತಿದ್ದುದೇಕೆಂಬುದು ಬಗೆಹರಿಯಬೇಕಾಗಿತ್ತು. ಐರೋಲಿಯ ಕಂಪನಿಯೊಂದರಲ್ಲಿ ಅಂಚೆಯಂತ್ರಗಳನ್ನೇ ನೋಡಿಕೊಳ್ಳುವ ಕೆಲಸದಲ್ಲಿದ್ದ ನನ್ನ ಹಳೆಯ ಶಿಷ್ಯನೊಬ್ಬ ಒಂದು ಶನಿವಾರ ನನ್ನನ್ನು ಕೂರಿಸಿಕೊಂಡು ಪತ್ರದ ತಲೆಬರಹವನ್ನು ಓದುವುದನ್ನು ಕಲಿಸಿದ. ನಮಗೆ ಕಾಣಿಸುವ ಇಂದ, ಗೆ, ವಿಷಯ ಎಂಬ ಮೂರು ಸಾಲುಗಳ ಹಿಂದೆ ಮೂವತ್ತು ನಲವತ್ತು ಸಾಲುಗಳ ಗುಪ್ತವಾದ ದಾಖಲೆಯೊಂದು ಪ್ರತಿ ಪತ್ರಕ್ಕೂ ಇರುತ್ತದೆ. ಪತ್ರ ಹಾದುಬಂದ ಒಂದೊಂದು ಯಂತ್ರವೂ ತನ್ನ ಹೆಸರನ್ನೂ ವೇಳೆಯನ್ನೂ ಮೇಲ್ಗಡೆ ಬರೆಯುತ್ತ ಹೋಗುವುದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. "ಸರ್, ಇಲ್ಲಿ ನೋಡಿ, ನಿಮ್ಮ ಮಾರ್ಕ್ಸ್ ಕಾರ್ಡ್" ಎಂದು ಅವನು ತೋರಿಸಿದ ಸಾಲುಗಳನ್ನು ಬರೆದಿದ್ದುದು ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶ. 2001ರಲ್ಲಿ ಐರ್ಲೆಂಡಿನ ಜಸ್ಟಿನ್ ಮೇಸನ್ ಎಂಬವರು ರೂಪಿಸಿ ಲೋಕಕ್ಕೆ ಉಚಿತವಾಗಿ ಬಿಟ್ಟ ಆ ತಂತ್ರಾಂಶವು ಪತ್ರದ ಒಂದೊಂದು ಲಕ್ಷಣಕ್ಕೂ ಒಂದೊಂದು ಅಂಕವನ್ನು ಹಾಕಿ, ಮೊತ್ತ 5ಕ್ಕೆ ಮುಟ್ಟಿದರೆ ಸ್ಪ್ಯಾಮ್ ಎಂದು ತೀರ್ಮಾನಿಸುತ್ತದೆ. ನಲವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟ ನನಗೆ, ಹೆಚ್ಚು ಅಂಕ ಬಂದವನು ಅನುತ್ತೀರ್ಣನಾಗುವ ಈ ಪರೀಕ್ಷೆ ವಿಚಿತ್ರವಾಗಿ ತೋರಿತು. ಆದರೆ ಪರೀಕ್ಷಕ ಪಕ್ಷಪಾತಿಯೆಂದು ಹೇಳುವಂತಿರಲಿಲ್ಲ.

ನಮ್ಮ ಮೇಲಿನ ಆರೋಪಗಳನ್ನು ಓದುತ್ತ ಹೋದಂತೆ ಅವುಗಳಲ್ಲಿ ಹೆಚ್ಚಿನವು ಕನ್ನಡದಲ್ಲಿ ಬರೆಯಲು ನಾವು ಪಟ್ಟ ಪಾಡಿನ ಗುರುತುಗಳೆಂಬುದು ತಿಳಿಯಿತು. ಆ ಕಾಲದಲ್ಲಿ ನಮ್ಮ ಆಮಂತ್ರಣಗಳೆಲ್ಲ 'ನುಡಿ' ಅಥವಾ 'ಬರಹ' ಎಂಬ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿದಂಥವು. ಅವುಗಳ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರಿಂದ, ಅದೇ ಫಾಂಟು ಇಲ್ಲದವರ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಚುಕ್ಕೆ ಕೊಂಬು ಹೊತ್ತ ರೋಮನ್ ಅಕ್ಷರಗಳ ಅರ್ಥರಹಿತ ಮೆರವಣಿಗೆ ಕಾಣಿಸುತ್ತಿತ್ತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಷ್ಟು ಹಿಂದೆಯೇ ಸ್ಥಾನ ದೊರೆತಿದ್ದರೂ, ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಅಕ್ಷರಮಾದರಿ ಬಂದಿದ್ದರೂ, ನಮ್ಮ ಅಚ್ಚಿನವನಿಗೂ ನಮಗೂ ಕೈ ಪಳಗಿದ್ದುದು ಹಳೆಯದರಲ್ಲೇ. ಅದಕ್ಕಾಗಿ ನಾವು ಕಂಡುಕೊಂಡ ಉಪಾಯ, ಅಚ್ಚಾದ ಆಮಂತ್ರಣದ ಚಿತ್ರವನ್ನೇ ಪತ್ರದೊಳಗೆ ಅಂಟಿಸಿ, ವಿಷಯದ ಸಾಲನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎಲ್ಲರ ವಿಳಾಸವನ್ನೂ ಮರೆಯ ಪಟ್ಟಿಯಲ್ಲಿಟ್ಟು ಒಂದೇ ಬಾರಿಗೆ ಕಳುಹಿಸುವುದು. ಕನ್ನಡಿಗರಿಗೆ ಅದು ಉಪಾಯ. ಆದರೆ ಸರಿಯಾಗಿ ಅದೇ ವರ್ಷಗಳಲ್ಲಿ, ಪದಗಳನ್ನು ಓದಿ ಹಿಡಿಯುವ ಸೋಸುವಿಕೆಯನ್ನು ತಪ್ಪಿಸಿಕೊಳ್ಳಲೆಂದು ಗುಳಿಗೆ ಮಾರುವವರೂ ಷೇರು ಮಾರುವವರೂ ತಮ್ಮ ಮಾತನ್ನೆಲ್ಲ ಚಿತ್ರವಾಗಿಸಿ ಕಳುಹಿಸತೊಡಗಿದ್ದರು. ಚಿತ್ರ ಬಹಳ, ಬರಹ ಸ್ವಲ್ಪ ಎಂಬುದಕ್ಕೊಂದು ಅಂಕ; ವಿಷಯದ ಸಾಲೆಲ್ಲ ದೊಡ್ಡಕ್ಷರ ಎಂಬುದಕ್ಕೊಂದು ಅಂಕ; ಪಡೆಯುವವನ ಹೆಸರೇ ಮೇಲೆ ಇಲ್ಲವೆಂಬುದಕ್ಕೊಂದು ಅಂಕ.

ಕೊನೆಯ ಭಾರವಾದ ಅಂಕ ಬಂದದ್ದು ನಮ್ಮ ಬೀದಿಯ ಹೆಸರಿನಲ್ಲಿ. ಆಗ ಡೊಂಬಿವಲಿಯ ಬಹುಪಾಲು ಮನೆಗಳಿಗೆ ಅಂತರ್ಜಾಲವನ್ನು ಕೊಡುತ್ತಿದ್ದವನು ಕೇಬಲ್‌ವಾಲಾ. ಮಹಡಿಯಿಂದ ಮಹಡಿಗೆ ತಂತಿ ಎಳೆದು ಹತ್ತಾರು ಕಟ್ಟಡಗಳನ್ನು ಒಂದೇ ಸಂಖ್ಯೆಯ ವಿಳಾಸದ ಹಿಂದೆ ನಿಲ್ಲಿಸುತ್ತಿದ್ದ. ಅವುಗಳಲ್ಲಿ ಯಾವುದೋ ಮನೆಯ ಯಂತ್ರಕ್ಕೆ ವೈರಸ್ ತಗಲಿ ಅದು ಯಜಮಾನನಿಗೂ ತಿಳಿಯದಂತೆ ಹಗಲಿರುಳು ಸ್ಪ್ಯಾಮ್ ಕಾರುತ್ತಿದ್ದರೆ, ಆ ಸಂಖ್ಯೆ ಲೋಕದ ಕಪ್ಪುಪಟ್ಟಿಗಳಲ್ಲಿ ಸೇರುತ್ತದೆ. ಅದರ ಹಿಂದೆ ಇರುವ ಯಕ್ಷಗಾನದ ಆಮಂತ್ರಣಕ್ಕೂ ಅದೇ ಗತಿ. ಶಿಷ್ಯ ಆ ಸಂಖ್ಯೆಯನ್ನು ಪರಿಶೀಲಿಸುವ ತಾಣದಲ್ಲಿ ಬರೆದು ತೋರಿಸಿದಾಗ ಮೂರು ಪಟ್ಟಿಗಳಲ್ಲಿ ಕೆಂಪು ಗುರುತು ಬಂತು. ಕೇಬಲ್‌ನವನಿಗೆ ಹೇಳಿದೆವು. "ಮಾಸ್ತರ್, ಪಿಕ್ಚರ್ ಬರಾಬರ್ ಬರ್ತಾದಲ್ಲ?" ಎಂಬುದು ಅವನ ಉತ್ತರ.

ಈ ತನಿಖೆಯಲ್ಲಿ ನನ್ನನ್ನು ಹೆಚ್ಚು ಕಾಲ ಕಾಡಿದ್ದು ಮಾತ್ರ ಇನ್ನೊಂದು ಸಂಗತಿ. ಪದಗಳನ್ನು ಎಣಿಸಿ ತೀರ್ಪು ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಪಾಲ್ ಗ್ರಹಾಂ. 2002ರ ಆಗಸ್ಟಿನಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಮೂಲದಲ್ಲಿರುವ ಗಣಿತ, 1761ರಲ್ಲಿ ತೀರಿಕೊಂಡು 1763ರಲ್ಲಿ ಪ್ರಕಟನೆಯನ್ನು ಕಂಡ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸಂಭವನೀಯತೆಯ ವಿಚಾರ. ಒಬ್ಬನಿಗೆ ಬಂದ ಬೇಕಾದ ಪತ್ರಗಳಲ್ಲಿ ಒಂದು ಪದ ಎಷ್ಟು ಸಲ, ಬೇಡವಾದವುಗಳಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಿ, ಹೊಸ ಪತ್ರದಲ್ಲಿ ಅತ್ಯಂತ ಎದ್ದು ಕಾಣುವ ಹದಿನೈದು ಪದಗಳನ್ನು ಮಾತ್ರ ಹಿಡಿದು ತೂಗುವುದು ಅವರ ಕ್ರಮ. ಬೇಕಾದ ಪತ್ರ ತಪ್ಪಿಹೋಗುವುದು ಬೇಡದ ಪತ್ರ ಬರುವುದಕ್ಕಿಂತ ದೊಡ್ಡ ಅನಿಷ್ಟವೆಂದು ತಿಳಿದ ಗ್ರಹಾಂ ಒಳ್ಳೆಯ ಪತ್ರಗಳ ಎಣಿಕೆಯನ್ನು ಇಮ್ಮಡಿಗೊಳಿಸಿದರು. ಹಿಂದೆಂದೂ ಕಾಣದ ಪದಕ್ಕೆ 0.4 ಎಂಬ, ನಿರಪರಾಧದ ಕಡೆಗೇ ಕೊಂಚ ವಾಲುವ ಬೆಲೆಯನ್ನು ಕೊಟ್ಟರು. ಇದನ್ನು ಓದಿದಾಗ ನನಗೆ ನಮ್ಮ ಸುತ್ತೋಲೆಗಳ ವಾಸ್ತವ ಹೊಳೆಯಿತು. ಕನ್ನಡದ ಪದಗಳನ್ನು ಯಂತ್ರ ಕಂಡಿರಲೇ ಇಲ್ಲ, ಆದುದರಿಂದ ಅವುಗಳ ಮೇಲೆ ಅದಕ್ಕೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ತೂಕಕ್ಕೆ ಸಿಕ್ಕಿದ್ದು ನಡುನಡುವೆ ನಾವು ತುರುಕಿದ ಇಂಗ್ಲಿಷ್ ಪದಗಳು ಮಾತ್ರ. ಅವು ಯಾವುವೆಂದು ಹಳೆಯ ಸುತ್ತೋಲೆಗಳನ್ನು ಹರಡಿಕೊಂಡು ಗುರುತು ಹಾಕುತ್ತ ಹೋದೆ: ಫ್ರೀ ಎಂಟ್ರಿ, ಲಕ್ಕಿ ಡಿಪ್, ಡೊನೇಷನ್, ಚೆಕ್, ಅರ್ಜೆಂಟ್, ಲಾಸ್ಟ್ ಡೇಟ್, ಟ್ಯಾಕ್ಸ್ ಎಕ್ಸೆಂಪ್ಷನ್. ಕುಮಾರವ್ಯಾಸನ ಬಗೆಗೂ, ಹರಿದಾಸರ ಬಗೆಗೂ, ಅಗಲಿದ ಸದಸ್ಯರ ಬಗೆಗೂ ಕನ್ನಡದಲ್ಲಿ ಬರೆದ ನಾವು, ಹಣದ ಮಾತು ಬಂದಾಗಲೆಲ್ಲ ಇಂಗ್ಲಿಷಿಗೆ ಹೊರಳುತ್ತಿದ್ದೆವು. ಕನ್ನಡ ಬಾರದ ಆ ಯಂತ್ರದ ಮಟ್ಟಿಗೆ ನಮ್ಮ ಸಂಘವೆಂದರೆ ತಿಂಗಳಿಗೊಮ್ಮೆ ಬಂದು ಹಣದ ಮಾತನ್ನಷ್ಟೇ ಆಡಿಹೋಗುವ ಒಂದು ಗುಂಪು. ಅದು ನಮ್ಮನ್ನು ಹೊರಗೆ ನಿಲ್ಲಿಸಿತೆಂದರೆ, ನಮ್ಮ ಸುತ್ತೋಲೆಗಳ ಇಂಗ್ಲಿಷ್ ಭಾಗವನ್ನು ಮಾತ್ರ ಓದಿದ ಯಾವ ಸದ್ಗೃಹಸ್ಥನೂ ಮಾಡುತ್ತಿದ್ದುದನ್ನೇ ಮಾಡಿತು.

ಅಲ್ಲಿಂದ ಸುತ್ತೋಲೆಯ ಭಾಷೆ ಬದಲಾಯಿತು. ಶಿಷ್ಯ ಹಾಕಿಕೊಟ್ಟ ಸೌಲಭ್ಯದಿಂದ ಯೂನಿಕೋಡಿನಲ್ಲಿ ಟೈಪು ಮಾಡಲು ಕಲಿತೆ. ದೇಣಿಗೆ, ಉಚಿತ ಪ್ರವೇಶ, ಕೊನೆಯ ದಿನಾಂಕ ಎಂದು ಕನ್ನಡದಲ್ಲೇ ಬರೆದೆ. ಚಿತ್ರವನ್ನು ಕೆಳಗಿಟ್ಟು ಮೇಲೆ ನಾಲ್ಕು ಸಾಲಿನ ಒಕ್ಕಣೆಯನ್ನು ಕೂರಿಸಿದೆ. ಒಬ್ಬೊಬ್ಬರಿಗೂ ಅವರವರ ಹೆಸರು ಹಿಡಿದೇ ಪತ್ರ ಹೋಗುವ ವ್ಯವಸ್ಥೆಯಾಯಿತು. ಸಂಘಕ್ಕೆ ಸ್ವಂತ ಡೊಮೇನ್ ಕೊಂಡದ್ದು, ನಮ್ಮ ಹೆಸರಿನಲ್ಲಿ ಪತ್ರ ಹೊರಡಿಸುವ ಅಧಿಕಾರ ಯಾವ ಯಂತ್ರಗಳಿಗೆ ಉಂಟೆಂದು ಸಾರುವ ಎಸ್‌ಪಿಎಫ್ ದಾಖಲೆ, ಪತ್ರವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಡಿಕಿಮ್ ಸಹಿ, ಇವೆರಡೂ ತಪ್ಪಿದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಎಂಬಿವೆಲ್ಲ ಶಿಷ್ಯನ ಕೈಚಳಕ. ನಾನು ಅವುಗಳ ಹೆಸರನ್ನು ಸಮಿತಿಯ ನಡಾವಳಿಯಲ್ಲಿ ಬರೆದಿಟ್ಟೆನಷ್ಟೆ. 2014ರ ಏಪ್ರಿಲಿನಲ್ಲಿ ಒಂದು ದೊಡ್ಡ ಅಂಚೆ ಸಂಸ್ಥೆ ತನ್ನ ವಿಳಾಸ ಹೊತ್ತು ಬೇರೆ ಯಂತ್ರದಿಂದ ಹೊರಟ ಪತ್ರಗಳನ್ನೆಲ್ಲ ತಿರಸ್ಕರಿಸಬೇಕೆಂದು ಲೋಕಕ್ಕೆ ಸಾರಿದಾಗ, ಸದಸ್ಯರು ಪರಸ್ಪರ ಬರೆದುಕೊಳ್ಳುತ್ತಿದ್ದ ಗುಂಪು ಪಟ್ಟಿ ಒಂದು ವಾರ ಅಲ್ಲೋಲಕಲ್ಲೋಲವಾಯಿತು. ಸುತ್ತೋಲೆಗಳು ಮಾತ್ರ ಸ್ವಂತ ಡೊಮೇನಿನ ದೆಸೆಯಿಂದ ಉಳಿದುಕೊಂಡವು.

ಯಂತ್ರವನ್ನು ಇಷ್ಟು ಒಲಿಸಿಕೊಂಡ ಮೇಲೂ ನೆರೂಲ್‌ನ ಒಂದು ಮನೆಯಲ್ಲಿ ಮಾತ್ರ ನಮ್ಮ ಕಾಗದ ಪ್ರತಿಸಲವೂ ಸ್ಪ್ಯಾಮಿಗೆ ಹೋಗುತ್ತಿತ್ತು. ಆ ಮನೆಯ ಹಿರಿಯರು ಸುತ್ತೋಲೆಯನ್ನು ಬಿಡದೆ ಓದುವವರು, ಅಕ್ಷರದೋಷವಿದ್ದರೆ ಫೋನು ಮಾಡಿ ತಿದ್ದುವವರು. ಅವರು ಪತ್ರ ಓದುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಓದಿ ಮುಗಿದೊಡನೆ, ತಟ್ಟೆಯನ್ನು ಸಿಂಕಿಗೆ ಹಾಕುವಷ್ಟು ಸಹಜವಾಗಿ, ಮೇಲಿನ ಸಾಲಿನಲ್ಲಿದ್ದ ಆಶ್ಚರ್ಯಸೂಚಕ ಚಿಹ್ನೆಯ ಗುಂಡಿಯನ್ನು ಒತ್ತಿದರು, ಪತ್ರ ಮಾಯವಾಯಿತು. ಅದು ಸ್ಪ್ಯಾಮೆಂದು ದೂರು ಕೊಡುವ ಗುಂಡಿ. "ಓದಿ ಆಯ್ತು ಅಂತ ಹೇಳುವುದಲ್ಲವೋ ಅದು?" ಎಂದರು. ಅವರ ದೂರಿನಿಂದ ಇತರರ ಪೆಟ್ಟಿಗೆಗಳಲ್ಲಿಯೂ ನಮ್ಮ ಮಾನ ಕಳೆಯುತ್ತಿತ್ತೆಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಪಕ್ಕದ ಗುಂಡಿಯನ್ನು ತೋರಿಸಿಕೊಟ್ಟು ಬಂದೆ.

ಸಂಘದ ಪೆಟ್ಟಿಗೆಯ ಸ್ಪ್ಯಾಮನ್ನೂ ವಾರಕ್ಕೊಮ್ಮೆ ನೋಡುವ ಪದ್ಧತಿ ಆಗಲೇ ಆರಂಭವಾಯಿತು. ಭಿವಂಡಿ ರಸ್ತೆಯ ಗೋದಾಮೊಂದರಲ್ಲಿ ದುಡಿಯುತ್ತಿದ್ದ ಇಂಡಿ ತಾಲೂಕಿನ ಕಡೆಯ ಹುಡುಗನೊಬ್ಬ, ತನ್ನ ತಂಗಿಗೆ ಕನ್ನಡದಲ್ಲಿ ಓದಲು ಪುಸ್ತಕ ಸಿಗಬಹುದೇ ಎಂದು ಕೇಳಿ ಬರೆದ ಎರಡು ಸಾಲು ಅದರಲ್ಲಿ ಸಿಕ್ಕಿತು. ಪುಣ್ಯವಶಾತ್ ಮೂವತ್ತು ದಿನ ಆಗಿರಲಿಲ್ಲ.

2013ರಿಂದ ಈಚೆಗೆ ಇನ್‌ಬಾಕ್ಸ್‌ನೊಳಗೇ ಪ್ರೊಮೋಷನ್ಸ್ ಮುಂತಾದ ವಿಭಾಗಗಳು ಹುಟ್ಟಿ, ಕಲ್ಯಾಣ್‌ಗೆ ಹೋಗಬೇಕಾದವನು ಥಾಣೆಯಲ್ಲಿ ವಾಶಿಯ ಗಾಡಿ ಹತ್ತಿದಂತೆ ನಮ್ಮ ಕಾಗದ ಸ್ಪ್ಯಾಮಿಗೂ ಹೋಗದೆ ಕಣ್ಣಿಗೂ ಬೀಳದೆ ಉಳಿಯುವ ಹೊಸ ತೊಂದರೆ ಬಂತು. ಅದಕ್ಕೆ ಶಿಷ್ಯ ಹೇಳಿದ ಮದ್ದು, ಪಡೆದವರು ಉತ್ತರ ಬರೆಯಬೇಕು. ಉತ್ತರ ಹೋದ ವಿಳಾಸವನ್ನು ಯಂತ್ರ ಬೇಕಾದವರದೆಂದು ತಿಳಿಯುತ್ತದೆ. ಸಂಘದ ಸುತ್ತೋಲೆಗೆ ಉತ್ತರ ಬರೆಯುವ ಸಂಪ್ರದಾಯ ನಮ್ಮಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಕೊನೆಗೆ ಒಂದು ಪ್ರಶ್ನೆಯನ್ನು ಸೇರಿಸಿದೆ: ಊಟಕ್ಕೆ ಮನೆಯಿಂದ ಎಷ್ಟು ಮಂದಿ? ಮೂರು ದಿನದೊಳಗೆ ನೂರಕ್ಕೂ ಮಿಕ್ಕಿ ಉತ್ತರಗಳು ಬಂದವು. ಸಾಹಿತ್ಯದ ವಿಷಯದಲ್ಲಿ ಅಭಿಪ್ರಾಯ ಕೇಳಿ ಹಿಂದೊಮ್ಮೆ ಬರೆದುದಕ್ಕೆ ಬಂದಿದ್ದವು ನಾಲ್ಕು.

2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಸಗಟಾಗಿ ಪತ್ರ ಕಳುಹಿಸುವವರಿಗೆ ಹೊಸ ಕಟ್ಟಳೆಗಳನ್ನು ತಂದವು. ದೂರುಗಳ ಪ್ರಮಾಣ ಶೇಕಡಾ 0.3ನ್ನು ಮೀರಬಾರದೆಂಬುದು ಅವುಗಳಲ್ಲೊಂದು. ನಾನೂರು ಸದಸ್ಯರಿರುವ ಸಂಘಕ್ಕೆ ಇದನ್ನು ಹಚ್ಚಿ ನೋಡಿದರೆ, ನೆರೂಲ್‌ನ ಹಿರಿಯರಂಥವರು ಒಬ್ಬರಿದ್ದರೆ 0.25, ಇಬ್ಬರಾದರೆ 0.5. ಪತ್ರ ಬೇಡವೆನ್ನುವವನು ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಗೆ ಹೋಗುವಂತೆ ದಾರಿ ಮಾಡಿಕೊಡಬೇಕೆಂಬುದು ಇನ್ನೊಂದು. ಇದು ದಿನಕ್ಕೆ 5000 ಪತ್ರ ಕಳುಹಿಸುವವರಿಗೆ ಹೇಳಿದ ಮಾತಾದರೂ, ನಮ್ಮ ಪತ್ರಗಳನ್ನು ಹೊರುವ ಸೇವೆಯವರು ಸಣ್ಣವರು ದೊಡ್ಡವರೆನ್ನದೆ ಎಲ್ಲರಿಗೂ ಹಚ್ಚಿದರು. ನನ್ನ ಸ್ಥಾನಕ್ಕೆ ಬಂದ ಹೊಸ ಕಾರ್ಯದರ್ಶಿ, ವಾಶಿಯ ಹೆಣ್ಣುಮಗಳು, ಸಮಿತಿಯ ಮುಂದೆ ಇದನ್ನು ಇಟ್ಟಾಗ ಅಧ್ಯಕ್ಷರು ಚಕಿತರಾದರು. ಮದುವೆಯ ಕಾಗದದ ಕೆಳಗೆ 'ನಮ್ಮ ಕರೆ ಬೇಡವಾದರೆ ಇಲ್ಲಿ ಒತ್ತಿ' ಎಂದು ಅಚ್ಚುಹಾಕಿಸುವವರುಂಟೇ, ಕರೆಯುತ್ತಲೇ ಬರಬೇಡಿ ಎಂದು ಹೇಳಿದಂತಾಗದೇ ಎಂಬುದು ಅವರ ವಾದ. ಕಾನೂನು, ಯಂತ್ರ, ಮರ್ಯಾದೆ ಎಂಬ ಮೂರರ ನಡುವೆ ಚರ್ಚೆ ಊಟದ ಹೊತ್ತಿನವರೆಗೂ ಸಾಗಿ, ಕೊನೆಗೆ ಒಕ್ಕಣೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು: 'ವಿಳಾಸ ಬದಲಾಗಿದ್ದಲ್ಲಿ, ಅಥವಾ ಪತ್ರಗಳಿಂದ ತೊಂದರೆಯಾಗುತ್ತಿದ್ದಲ್ಲಿ, ಇಲ್ಲಿ ಒತ್ತಿ ತಿಳಿಸುವ ಕೃಪೆ ಮಾಡಬೇಕಾಗಿ ಪ್ರಾರ್ಥನೆ.' ಈವರೆಗೆ ಅದನ್ನು ಒತ್ತಿದವರು ಇಬ್ಬರು. ಇಬ್ಬರೂ ಕಾರ್ಯಕಾರಿ ಸಮಿತಿಯವರೇ. ಒತ್ತಿದರೆ ಏನಾಗುತ್ತದೆಂದು ನೋಡುವ ಸಲುವಾಗಿ ಒತ್ತಿದರಂತೆ. ಮುಂದಿನ ಸಭೆಗೆ ತಮಗೆ ಕಾಗದ ಬರಲಿಲ್ಲವೆಂದು ಅವರಲ್ಲೊಬ್ಬರು ಈಗ ಸಿಟ್ಟಾಗಿದ್ದಾರೆ.